ಹಣ ಹೊರಡುವ ಮುನ್ನವೇ ಗುರುತು ಕೊಡಿ: ಪೇಮೆಂಟ್ ದಾಖಲೆಗೂ ನಿಮ್ಮ ಡೇಟಾಬೇಸಿಗೂ ಕೊಂಡಿ ಹಾಕುವ ಬಗೆ

ಇಳಕಲ್ಲಿನ ಒಂದು ಸೀರೆ ಅಂಗಡಿ ಆನ್‌ಲೈನಿನಲ್ಲೂ ವ್ಯಾಪಾರ ಶುರುಮಾಡಿದೆ ಎಂದಿಟ್ಟುಕೊಳ್ಳಿ. ಒಂದು ಸಂಜೆ ಗೋಮಿ ದಡಿಯ ಸೀರೆಗೆ ಎರಡು ಆರ್ಡರ್ ಬರುತ್ತವೆ, ಒಂದು ಹುಬ್ಬಳ್ಳಿಯಿಂದ, ಇನ್ನೊಂದು ಸೊಲ್ಲಾಪುರದಿಂದ. ಎರಡರ ಬೆಲೆಯೂ 2,450 ರೂಪಾಯಿ. ಹುಬ್ಬಳ್ಳಿಯ ಆರ್ಡರ್ ಹೆಂಡತಿಯ ಹೆಸರಿನಲ್ಲಿದೆ, ಹಣ ಬಂದದ್ದು ಗಂಡನ ಯುಪಿಐನಿಂದ. ಸೊಲ್ಲಾಪುರದವರು ಮೊದಲು ಯುಪಿಐ ಒತ್ತಿದರು, ಚಕ್ರ ಸುತ್ತಿ ಸುತ್ತಿ ‘ವಿಫಲ’ ಎಂದಿತು, ಆಮೇಲೆ ಕಾರ್ಡಿನಲ್ಲಿ ಕಟ್ಟಿದರು. ಈಗ ಪೇಮೆಂಟ್ ಗೇಟ್‌ವೇಯ ಪರದೆಯಲ್ಲಿ ಮೂರು ದಾಖಲೆಗಳಿವೆ, ಅಂಗಡಿಯ ಡೇಟಾಬೇಸಿನಲ್ಲಿ ಎರಡು ಆರ್ಡರುಗಳಿವೆ. ಯಾವುದು ಯಾರದು?

ಮೊತ್ತ ನೋಡಿದರೆ ಮೂರೂ ಒಂದೇ. ಹೆಸರು ನೋಡಿದರೆ ಹೊಂದುವುದಿಲ್ಲ. ಹೊತ್ತು ನೋಡಿದರೆ ನಿಮಿಷಗಳ ಅಂತರ. ದಿನಕ್ಕೆ ನಾಲ್ಕು ಆರ್ಡರ್ ಬರುವಾಗ ಫೋನ್ ಮಾಡಿ ಕೇಳಬಹುದು. ದಸರೆಯ ವಾರದಲ್ಲಿ ದಿನಕ್ಕೆ ಇನ್ನೂರು ಬಂದರೆ, ಅಂಗಡಿಯವರು ಗಿರಾಕಿಗಳ ಸ್ಕ್ರೀನ್‌ಶಾಟ್ ನಂಬಿಕೊಂಡು ಪಾರ್ಸೆಲ್ ಕಟ್ಟಬೇಕಾಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಪ್ರತಿ ಆರ್ಡರಿಗೂ ನಿಮ್ಮದೇ ಒಂದು ಗುರುತು ಕೊಡಿ. ಹಣ ಕೇಳುವ ಮೊದಲೇ ಕೊಡಿ. ಆ ಗುರುತು ಗೇಟ್‌ವೇಗೆ ಹೋಗಿ, ಪ್ರತಿ ಉತ್ತರದ ಜೊತೆ ವಾಪಸ್ ಬರುವಂತೆ ನೋಡಿಕೊಳ್ಳಿ. ಸ್ವಂತ ವೆಬ್‌ಸೈಟ್ ಅಥವಾ ಆ್ಯಪ್ ಕಟ್ಟುವವರಿಗೆ, ಕಟ್ಟಿಸುವವರಿಗೆ, ತಿಂಗಳ ಕೊನೆಗೆ ಲೆಕ್ಕ ತಾಳೆ ನೋಡುವವರಿಗೆ ಉಪಯೋಗವಾಗಲೆಂದು ಅದರ ವಿವರಗಳನ್ನು ಇಲ್ಲಿ ಒಂದೊಂದಾಗಿ ಕೊಟ್ಟಿದೆ.

ಒಂದೇ ಹಣ, ಮೂರು ಗುರುತು

ಒಂದು ಪಾವತಿಗೆ ಕನಿಷ್ಠ ಮೂರು ಕಡೆ ಮೂರು ಗುರುತು ಬೀಳುತ್ತವೆ. ಮೊದಲನೆಯದು ನಿಮ್ಮ ಆರ್ಡರ್ ಸಂಖ್ಯೆ. ಎರಡನೆಯದು ಗೇಟ್‌ವೇ ಕೊಡುವುದು. ರೇಜರ್‌ಪೇಯಲ್ಲಾದರೆ ಆರ್ಡರಿಗೆ ಒಂದು ಐಡಿ, ಪೇಮೆಂಟಿಗೆ ಇನ್ನೊಂದು, ರಿಫಂಡಿಗೆ ಮತ್ತೊಂದು. ಮೂರನೆಯದು ಬ್ಯಾಂಕಿನದು. ಯುಪಿಐ ವಹಿವಾಟಿಗೆ 12 ಅಂಕಿಯ ಆರ್‌ಆರ್‌ಎನ್ ಇರುತ್ತದೆ. ಗಿರಾಕಿ ತನ್ನ ಆ್ಯಪ್ ನೋಡಿ ‘ಯುಟಿಆರ್ ನಂಬರ್ ಇದು’ ಎಂದು ಓದಿ ಹೇಳುವುದು ಸಾಮಾನ್ಯವಾಗಿ ಇದನ್ನೇ.

ಗೇಟ್‌ವೇ ಹೇಗೂ ಐಡಿ ಕೊಡುತ್ತದಲ್ಲ, ಅದನ್ನೇ ಬರೆದಿಟ್ಟುಕೊಂಡರೆ ಸಾಲದೇ ಎಂದು ಕೇಳಬಹುದು. ಸಾಲದು, ಅದಕ್ಕೆ ಎರಡು ಕಾರಣಗಳಿವೆ. ಗೇಟ್‌ವೇಯ ಐಡಿ ನಿಮ್ಮ ಕೈಗೆ ಸಿಗುವುದು ಅದರ ಉತ್ತರ ಬಂದ ಮೇಲೆ. ಉತ್ತರ ಬರುವ ದಾರಿಯಲ್ಲೇ ನೆಟ್‌ವರ್ಕ್ ಕಡಿದರೆ, ಅಲ್ಲಿ ದಾಖಲೆ ಹುಟ್ಟಿರುತ್ತದೆ, ನಿಮಗೆ ಅದರ ಸುಳಿವೇ ಇರುವುದಿಲ್ಲ. ಆಗ ಹುಡುಕಲು ನಿಮ್ಮ ಕೈಯಲ್ಲಿರುವುದು ನೀವು ಕಳಿಸಿದ ಗುರುತು ಮಾತ್ರ. ಎರಡನೆಯ ಕಾರಣ, ಒಂದು ಆರ್ಡರಿಗೆ ಹಲವು ಪೇಮೆಂಟ್ ಪ್ರಯತ್ನಗಳಿರಬಹುದು. ಸೊಲ್ಲಾಪುರದ ಗಿರಾಕಿಯದು ಒಂದೇ ಆರ್ಡರ್, ಪೇಮೆಂಟ್ ಐಡಿ ಎರಡು. ಅದೂ ಅಲ್ಲದೆ, ನಾಳೆ ನೀವು ಗೇಟ್‌ವೇ ಬದಲಿಸಿದರೆ ಐಡಿಗಳ ರೂಪವೇ ಬೇರೆಯಾಗುತ್ತದೆ. ನಿಮ್ಮ ಗುರುತು ಮಾತ್ರ ಹಾಗೇ ಉಳಿಯುತ್ತದೆ.

ಗೇಟ್‌ವೇಗಳು ಎಲ್ಲೆಲ್ಲಿ ಜಾಗ ಕೊಡುತ್ತವೆ

ಹಿಂದೆ ಮನಿಯಾರ್ಡರ್ ಫಾರಂನ ತುದಿಯಲ್ಲಿ ನಾಲ್ಕು ಸಾಲು ಬರೆಯುವ ಜಾಗವಿರುತ್ತಿತ್ತು. ಹಣದ ಜೊತೆ ಆ ಚೀಟಿಯೂ ಹೋಗಿ, ಯಾವುದಕ್ಕೆ ಕಳಿಸಿದ್ದು ಎಂದು ಪಡೆದವರಿಗೆ ತಿಳಿಯುತ್ತಿತ್ತು. ಇಂದಿನ ಪೇಮೆಂಟ್ ಎಪಿಐಗಳಲ್ಲೂ ಅಂಥ ಜಾಗಗಳಿವೆ, ಹೆಸರುಗಳು ಬೇರೆ ಬೇರೆ.

ಬೆಂಗಳೂರಿನ ರೇಜರ್‌ಪೇಯ ಆರ್ಡರ್ ಎಪಿಐಯಲ್ಲಿ ‘ರಿಸೀಟ್’ ಎಂಬ ಕಾಲಂ ಇದೆ, 40 ಅಕ್ಷರದವರೆಗೆ ಬರೆಯಬಹುದು. ಜೊತೆಗೆ ‘ನೋಟ್ಸ್’ ಇದೆ. ಅದರಲ್ಲಿ ಹೆಸರು ಮತ್ತು ಮೌಲ್ಯದ 15 ಜೋಡಿಗಳವರೆಗೆ ಇಡಬಹುದು, ಪ್ರತಿಯೊಂದೂ 256 ಅಕ್ಷರದೊಳಗಿರಬೇಕು. ಆರ್ಡರುಗಳ ಪಟ್ಟಿಯನ್ನು ರಿಸೀಟ್ ಹಿಡಿದು ಸೋಸಿ ತೆಗೆಯಬಹುದು. ನಿಮ್ಮ ಮುಖ್ಯ ಗುರುತು ರಿಸೀಟಿನಲ್ಲಿರಲಿ, ಉಳಿದ ಸಣ್ಣ ವಿವರ ನೋಟ್ಸಿನಲ್ಲಿರಲಿ.

ಕ್ಯಾಶ್‌ಫ್ರೀ ಮತ್ತು ಫೋನ್‌ಪೇ ಗೇಟ್‌ವೇಗಳಲ್ಲಿ ಆರ್ಡರಿನ ಐಡಿಯನ್ನು ವ್ಯಾಪಾರಿಯೇ ಕೊಡಬಹುದು. ಕ್ಯಾಶ್‌ಫ್ರೀಯಲ್ಲಿ ಅದು 3ರಿಂದ 45 ಅಕ್ಷರದೊಳಗಿರಬೇಕು. ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಬಿಟ್ಟು ಬೇರೆ ಚಿಹ್ನೆಗೆ ಅವಕಾಶವಿಲ್ಲ.

ಹೊರದೇಶಕ್ಕೆ ಮಾರುವವರು ಬಳಸುವ ಸ್ಟ್ರೈಪ್‌ನಲ್ಲಿ ‘ಮೆಟಾಡೇಟಾ’ ಇದೆ. 50 ಜೋಡಿ, ಹೆಸರಿಗೆ 40 ಅಕ್ಷರ, ಮೌಲ್ಯಕ್ಕೆ 500 ಅಕ್ಷರ. ಅದರ ಚೆಕ್‌ಔಟ್ ಪುಟಕ್ಕೆ ‘ಕ್ಲೈಂಟ್ ರೆಫರೆನ್ಸ್ ಐಡಿ’ ಎಂಬ ಪ್ರತ್ಯೇಕ ಕಾಲಂ ಕೂಡ ಇದೆ. ಪೇಪಾಲ್‌ನಲ್ಲಿ ‘ಇನ್ವಾಯ್ಸ್ ಐಡಿ’ ಮತ್ತು ‘ಕಸ್ಟಮ್ ಐಡಿ’ ಎಂದು ಎರಡಿವೆ. ಮೊದಲನೆಯದು ಹಣ ಕಟ್ಟಿದವರಿಗೂ ಕಾಣುತ್ತದೆ, ಎರಡನೆಯದು ವ್ಯಾಪಾರಿಯ ವರದಿಯಲ್ಲಿ ಮಾತ್ರ. ಗಿರಾಕಿಗೆ ಕಾಣುವ ಜಾಗ ಯಾವುದು, ಕಾಣದ ಜಾಗ ಯಾವುದು ಎಂದು ತಿಳಿದೇ ಬರೆಯಬೇಕು.

ಇಲ್ಲೊಂದು ಎಚ್ಚರಿಕೆ. ಒಂದು ಕಡೆ ಬರೆದ ಟಿಪ್ಪಣಿ ಮುಂದಿನ ದಾಖಲೆಗೂ ತಾನಾಗಿ ಇಳಿಯುತ್ತದೆ ಎಂದುಕೊಳ್ಳಬೇಡಿ. ಸ್ಟ್ರೈಪ್‌ನಲ್ಲಿ ಚೆಕ್‌ಔಟ್ ಸೆಷನ್ನಿಗೆ ಹಾಕಿದ ಮೆಟಾಡೇಟಾ ಅದರಿಂದ ಹುಟ್ಟುವ ‘ಪೇಮೆಂಟ್ ಇಂಟೆಂಟ್’ ಎಂಬ ಪಾವತಿ ದಾಖಲೆಗೆ ಹೋಗುವುದಿಲ್ಲ. ಅಲ್ಲಿಯೂ ಬೇಕಿದ್ದರೆ ಪ್ರತ್ಯೇಕವಾಗಿ ಕೊಡಬೇಕು. ಆರ್ಡರ್, ಪೇಮೆಂಟ್, ರಿಫಂಡ್ ಈ ಮೂರರಲ್ಲೂ ಗುರುತು ಕಾಣುತ್ತಿದೆಯೇ ಎಂದು ಒಂದೊಂದನ್ನೂ ತೆರೆದು ನೋಡಿ.

ಒಳ್ಳೆಯ ಗುರುತು ಹೇಗಿರಬೇಕು

ಮೊದಲನೆಯದಾಗಿ, ಚಿಕ್ಕದಾಗಿರಲಿ. ಒಂದು ಗೇಟ್‌ವೇಯ ಮಿತಿ 40 ಅಕ್ಷರ, ಇನ್ನೊಂದರದು 45, ಮತ್ತೊಂದರದು ಇನ್ನೂ ಕಡಿಮೆ. 30 ಅಕ್ಷರದೊಳಗೆ, ಅಕ್ಷರ, ಅಂಕಿ ಮತ್ತು ಹೈಫನ್ ಮಾತ್ರ ಬಳಸಿ ಮಾಡಿದರೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಪ್ರೋಗ್ರಾಮರುಗಳಿಗೆ ಇಷ್ಟವಾದ ಯುಯುಐಡಿ ಹೈಫನ್ ಸೇರಿ 36 ಅಕ್ಷರ. ಮುಂದೆ ಅಂಗಡಿಯ ಸಂಕೇತ ಸೇರಿಸಿದರೆ 40 ದಾಟಿಬಿಡಬಹುದು. ಯುಎಲ್‌ಐಡಿ ಎಂಬ ಬಗೆ 26 ಅಕ್ಷರಕ್ಕೆ ಮುಗಿಯುತ್ತದೆ, ಹುಟ್ಟಿದ ಹೊತ್ತಿನ ಪ್ರಕಾರ ಸಾಲಾಗಿಯೂ ನಿಲ್ಲುತ್ತದೆ.

ಎರಡನೆಯದು, ಅದು ಬದಲಾಗುವ ಸಂಗತಿಯ ಮೇಲೆ ನಿಂತಿರಬಾರದು. ಮೊಬೈಲ್ ನಂಬರ್, ಇಮೇಲ್, ಸೀರೆಯ ಕೋಡ್ ಇವನ್ನೆಲ್ಲ ಜೋಡಿಸಿ ಗುರುತು ಮಾಡುವವರಿದ್ದಾರೆ. ಗಿರಾಕಿ ನಂಬರ್ ಬದಲಿಸಿದ ದಿನ, ಅಥವಾ ಅದೇ ಸೀರೆಯನ್ನು ಎರಡನೇ ಸಲ ಕೊಂಡ ದಿನ ಆ ಗುರುತು ಸುಳ್ಳಾಗುತ್ತದೆ.

ಮೂರನೆಯದು, 1, 2, 3 ಎಂದು ಸಾಲಾಗಿ ಏರುವ ಸಂಖ್ಯೆಯನ್ನು ಹೊರಗೆ ತೋರಿಸಬೇಡಿ. ಸೋಮವಾರ ಒಂದು, ಶನಿವಾರ ಒಂದು ಆರ್ಡರ್ ಹಾಕಿದ ಪಕ್ಕದ ಅಂಗಡಿಯವರಿಗೆ ನಿಮ್ಮ ವಾರದ ವ್ಯಾಪಾರ ಎಷ್ಟೆಂದು ಗೊತ್ತಾಗುತ್ತದೆ. ಆರ್ಡರ್ ಪುಟದ ವಿಳಾಸದಲ್ಲಿ ಸಂಖ್ಯೆ ಬದಲಿಸಿ ಬೇರೆಯವರ ಆರ್ಡರ್ ಇಣುಕಲೂ ಯಾರಾದರೂ ಪ್ರಯತ್ನಿಸಬಹುದು. ಒಳಗೆ ಸಾಲು ಸಂಖ್ಯೆ ಇರಲಿ, ಹೊರಗೆ ಊಹೆಗೆ ಸಿಗದ ಗುರುತಿರಲಿ. ಬೇರೆಯವರ ಆರ್ಡರ್ ತೆರೆಯದಂತೆ ಲಾಗಿನ್ ಪರಿಶೀಲನೆ ಬೇರೆ ಇರಲೇಬೇಕು.

ನಾಲ್ಕನೆಯದು, ಫೋನಿನಲ್ಲಿ ಓದಿ ಹೇಳುವಂತಿರಲಿ. ಸೊನ್ನೆಗೂ ‘ಓ’ಗೂ, ಒಂದಕ್ಕೂ ‘ಐ’ಗೂ ಗೊಂದಲವಾದರೆ ಗಿರಾಕಿ ತಪ್ಪು ಹೇಳುತ್ತಾರೆ, ನೀವು ತಪ್ಪು ಹುಡುಕುತ್ತೀರಿ. ಕ್ರಾಕ್‌ಫರ್ಡ್ ಬೇಸ್ 32 ಎಂಬ ಬರಹ ಪದ್ಧತಿಯಲ್ಲಿ ಐ, ಎಲ್, ಓ, ಯು ಅಕ್ಷರಗಳನ್ನೇ ಬಿಟ್ಟಿದ್ದಾರೆ. ಯುಎಲ್‌ಐಡಿ ಬಳಸುವುದೂ ಅದನ್ನೇ.

ಐದನೆಯದು ಲೆಕ್ಕದವರಿಗೆ ಸಂಬಂಧಿಸಿದ್ದು. ಜಿಎಸ್‌ಟಿ ಇನ್ವಾಯ್ಸ್ ನಂಬರನ್ನು ಪೇಮೆಂಟಿನ ಗುರುತಾಗಿ ಬಳಸಬೇಡಿ. ಸಿಜಿಎಸ್‌ಟಿ ನಿಯಮ 46ರ ಪ್ರಕಾರ ಇನ್ವಾಯ್ಸ್ ನಂಬರ್ 16 ಅಕ್ಷರ ಮೀರಬಾರದು, ಒಂದರ ನಂತರ ಒಂದು ಸಾಲಾಗಿ ಬರಬೇಕು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಆರ್ಡರುಗಳಾದರೋ ಅರ್ಧದಲ್ಲೇ ನಿಲ್ಲುತ್ತವೆ, ರದ್ದಾಗುತ್ತವೆ. ಹಣ ಬಾರದ ಆರ್ಡರಿಗೆಲ್ಲ ಇನ್ವಾಯ್ಸ್ ನಂಬರ್ ಖರ್ಚು ಮಾಡಿದರೆ ಸಾಲಿನಲ್ಲಿ ತೂತುಗಳು ಬಿದ್ದು, ಲೆಕ್ಕ ಪರಿಶೋಧಕರ ಮುಂದೆ ಒಂದೊಂದಕ್ಕೂ ವಿವರಣೆ ಕೊಡುತ್ತ ಕೂರಬೇಕು. ಆರ್ಡರಿಗೆ ಮೊದಲೇ ಗುರುತು, ಬಿಲ್ ಹಾಕುವಾಗ ಇನ್ವಾಯ್ಸ್ ನಂಬರ್, ಎರಡನ್ನೂ ಜೋಡಿಸುವ ಕಾಲಂ ಡೇಟಾಬೇಸಿನಲ್ಲಿ ಎಂದು ಬೇರೆಮಾಡಿ.

ಡೇಟಾಬೇಸಿನಲ್ಲಿ ಏನೇನಿರಬೇಕು

ಆರ್ಡರ್ ಟೇಬಲಿಗೆ ‘ಪೇಮೆಂಟ್ ಐಡಿ’ ಎಂಬ ಒಂದು ಕಾಲಂ ಸೇರಿಸಿ ಕೈತೊಳೆದುಕೊಳ್ಳುವುದು ಸಾಮಾನ್ಯ. ಸೊಲ್ಲಾಪುರದ ಆರ್ಡರ್ ಬಂದ ದಿನವೇ ಅದು ಕೈಕೊಡುತ್ತದೆ. ಎರಡನೇ ಪ್ರಯತ್ನದ ಐಡಿ ಮೊದಲನೆಯದರ ಮೇಲೆ ಕೂತು, ಮೊದಲನೆಯದು ಅಳಿಸಿಹೋಗುತ್ತದೆ.

ನಾಲ್ಕು ಟೇಬಲ್ ಇಡಿ. ಆರ್ಡರ್ ಟೇಬಲಿನಲ್ಲಿ ನಿಮ್ಮ ಗುರುತು, ಮೊತ್ತ, ಸ್ಥಿತಿ. ಪ್ರಯತ್ನಗಳ ಟೇಬಲಿನಲ್ಲಿ ನಿಮ್ಮ ಗುರುತು, ಗೇಟ್‌ವೇಯ ಹೆಸರು, ಅದರ ಆರ್ಡರ್ ಐಡಿ ಮತ್ತು ಪೇಮೆಂಟ್ ಐಡಿ, ಆರ್‌ಆರ್‌ಎನ್, ಸ್ಥಿತಿ. ಒಂದು ಆರ್ಡರಿಗೆ ಇಲ್ಲಿ ಎಷ್ಟು ಸಾಲಾದರೂ ಇರಬಹುದು. ರಿಫಂಡ್ ಟೇಬಲ್ ಬೇರೆ, ಯಾಕೆಂದರೆ ಒಂದು ಪೇಮೆಂಟಿಗೆ ತುಂಡುತುಂಡಾಗಿ ಹಲವು ರಿಫಂಡುಗಳಾಗಬಹುದು. ಕೊನೆಯದು, ಗೇಟ್‌ವೇ ಕಳಿಸಿದ ಪ್ರತಿ ಸಂದೇಶವನ್ನೂ ಬಂದಂತೆಯೇ ಬರೆದಿಡುವ ಟೇಬಲ್, ಹಳೆಯ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಕಿರ್ದಿ.

ಗೇಟ್‌ವೇಯ ಹೆಸರು ಮತ್ತು ಪೇಮೆಂಟ್ ಐಡಿ ಎರಡೂ ಸೇರಿದ ಜೋಡಿಗೆ ‘ಯೂನಿಕ್’ ನಿರ್ಬಂಧ ಹಾಕಿ. ಆರ್ಡರ್ ಟೇಬಲಿನಲ್ಲಿರುವ ನಿಮ್ಮ ಗುರುತಿಗೂ ಹಾಕಿ. ನಕಲನ್ನು ತಡೆಯುವ ಕೆಲಸ ಗೇಟ್‌ವೇಯದು ಎಂದು ಕೂರಬೇಡಿ, ನಿಮ್ಮ ಡೇಟಾಬೇಸೇ ಬೇಡ ಎನ್ನಬೇಕು.

ಸಣ್ಣದೆನಿಸಿದರೂ ಕಾಡುವ ಮೂರು ಸಂಗತಿಗಳಿವೆ. ಮೈಎಸ್‌ಕ್ಯುಎಲ್‌ನ ಮಾಮೂಲಿ ಹೊಂದಾಣಿಕೆಯಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ ಎರಡೂ ಒಂದೇ ಎಂದು ಎಣಿಸುತ್ತದೆ. ಗೇಟ್‌ವೇ ಐಡಿಗಳಲ್ಲಿ ಅವು ಬೇರೆ ಬೇರೆ. ಆ ಕಾಲಂಗೆ ಬೈನರಿ ಹೋಲಿಕೆ ಇಡಿ. ರೇಜರ್‌ಪೇ ಮೊತ್ತವನ್ನು ಪೈಸೆಯಲ್ಲಿ ಕೇಳುತ್ತದೆ, 2,450 ರೂಪಾಯಿಗೆ 245000 ಎಂದು ಕಳಿಸಬೇಕು. ಕ್ಯಾಶ್‌ಫ್ರೀ ರೂಪಾಯಿಯಲ್ಲೇ ಕೇಳುತ್ತದೆ. ನಿಮ್ಮ ಟೇಬಲಿನಲ್ಲಿ ಯಾವುದೋ ಒಂದನ್ನು ಗೊತ್ತುಮಾಡಿಕೊಂಡು, ಬದಲಾವಣೆಯನ್ನು ಒಂದೇ ಜಾಗದಲ್ಲಿ ಮಾಡಿ. ಇನ್ನು ಆರ್‌ಆರ್‌ಎನ್ ಅಂಕಿಗಳೇ ಆದರೂ ಅದನ್ನು ಪಠ್ಯವಾಗಿ ಉಳಿಸಿ. ಸಂಖ್ಯೆಯಾಗಿ ಉಳಿಸಿದರೆ ಮೊದಲಿಗಿರುವ ಸೊನ್ನೆ ಬಿದ್ದುಹೋಗುತ್ತದೆ. ಎಕ್ಸೆಲ್‌ನಲ್ಲಿ ತೆರೆದರಂತೂ 12 ಅಂಕಿ ಕುಗ್ಗಿ ಘಾತದ ರೂಪದಲ್ಲಿ ಕಾಣುತ್ತದೆ.

ಮೊದಲು ಬರೆಯಿರಿ, ಆಮೇಲೆ ಕರೆಯಿರಿ

ಕೆಲಸದ ಕ್ರಮ ಹೀಗಿರಲಿ.

1. ಗಿರಾಕಿ ‘ಹಣ ಕಟ್ಟಿ’ ಒತ್ತಿದ ಕೂಡಲೇ ಗುರುತು ಹುಟ್ಟಿಸಿ, ‘ಶುರು’ ಎಂಬ ಸ್ಥಿತಿಯೊಂದಿಗೆ ಆರ್ಡರನ್ನು ಡೇಟಾಬೇಸಿಗೆ ಬರೆಯಿರಿ.

2. ಆಮೇಲಷ್ಟೇ ಗೇಟ್‌ವೇಯ ಎಪಿಐ ಕರೆಯಿರಿ, ರಿಸೀಟ್ ಅಥವಾ ಮೆಟಾಡೇಟಾದಲ್ಲಿ ಅದೇ ಗುರುತು ಕಳಿಸಿ. ಇದು ನಿಮ್ಮ ಸರ್ವರಿನಿಂದಲೇ ಹೋಗಬೇಕು. ಬ್ರೌಸರಿನಿಂದ ಹೋಗುವುದನ್ನು ಗಿರಾಕಿ ತಿದ್ದಬಲ್ಲರು.

3. ಉತ್ತರದಲ್ಲಿ ಬಂದ ಗೇಟ್‌ವೇ ಐಡಿಯನ್ನು ಅದೇ ಗುರುತಿನ ಜೊತೆ ಪ್ರಯತ್ನಗಳ ಟೇಬಲಿಗೆ ಸೇರಿಸಿ.

4. ಉತ್ತರ ಬಾರದಿದ್ದರೆ ಹೊಸ ಗುರುತು ಹುಟ್ಟಿಸಬೇಡಿ. ಹಳೆಯ ಗುರುತು ಹಿಡಿದು ಗೇಟ್‌ವೇಯಲ್ಲಿ ಹುಡುಕಿ. ಸಿಕ್ಕರೆ ಅದನ್ನೇ ಬಳಸಿ, ಸಿಗದಿದ್ದರೆ ಅದೇ ಗುರುತಿನಿಂದ ಮತ್ತೆ ಕರೆಯಿರಿ.

ಸ್ಟ್ರೈಪ್ ಬಳಸುವವರಿಗೆ ಈ ಕೊನೆಯ ಹಂತಕ್ಕೆ ಇನ್ನೊಂದು ಅನುಕೂಲವಿದೆ. ಕರೆಯ ಜೊತೆ ‘ಐಡೆಂಪೊಟೆನ್ಸಿ ಕೀ’ ಕಳಿಸಿದರೆ, ಅದೇ ಕೀ ಮತ್ತೆ ಬಂದಾಗ ಹೊಸ ವಸೂಲಿ ಮಾಡದೆ ಹಿಂದಿನ ಉತ್ತರವನ್ನೇ ಕೊಡುತ್ತದೆ. ಕನಿಷ್ಠ 24 ಗಂಟೆ ಅದು ನೆನಪಿನಲ್ಲಿರುತ್ತದೆ. ಮೆಟಾಡೇಟಾ ಹಿಡಿದು ಹುಡುಕುವ ಸೌಲಭ್ಯವೂ ಅಲ್ಲಿದೆ, ಆದರೆ ಭಾರತದ ವ್ಯಾಪಾರಿಗಳಿಗೆ ಅದು ಸಿಗುವುದಿಲ್ಲ. ಸಿಗುವ ಕಡೆಯಲ್ಲೂ ಹೊಸ ದಾಖಲೆ ಹುಡುಕಾಟಕ್ಕೆ ಸಿಗಲು ತುಸು ಹೊತ್ತು ಹಿಡಿಯುತ್ತದೆ. ಬರೆದ ಮರುಕ್ಷಣವೇ ಸಿಗಲಿಲ್ಲವೆಂದು ಇಲ್ಲವೆಂದೇ ತೀರ್ಮಾನಿಸಬೇಡಿ.

ವೆಬ್‌ಹುಕ್ ಬಂದಾಗ

ಹಣ ಕಟ್ಟಿದ ಗಿರಾಕಿ ನಿಮ್ಮ ಪುಟಕ್ಕೆ ವಾಪಸ್ ಬರದೆ ಬ್ರೌಸರ್ ಮುಚ್ಚಿಬಿಡಬಹುದು. ಹಾಗಾಗಿ ಗೇಟ್‌ವೇ ನೇರವಾಗಿ ನಿಮ್ಮ ಸರ್ವರಿಗೆ ಸುದ್ದಿ ಮುಟ್ಟಿಸುವ ವೆಬ್‌ಹುಕ್ಕನ್ನೇ ಆಧಾರ ಮಾಡಿಕೊಳ್ಳಿ. ಬಂದ ಸಂದೇಶದ ಸಹಿಯನ್ನು ಮೊದಲು ಪರೀಕ್ಷಿಸಿ. ರೇಜರ್‌ಪೇ ಇದಕ್ಕೆ ಎಚ್‌ಮ್ಯಾಕ್ ಎಸ್‌ಎಚ್‌ಎ 256 ಬಳಸುತ್ತದೆ. ಸಂದೇಶ ಬಂದ ರೂಪದಲ್ಲೇ, ಒಂದು ಖಾಲಿ ಜಾಗವೂ ಬದಲಾಗದಂತೆ ಪರೀಕ್ಷಿಸಬೇಕು. ಆಮೇಲೆ ಒಳಗಿನ ಗುರುತು ಹಿಡಿದು ನಿಮ್ಮ ಆರ್ಡರ್ ತೆರೆಯಿರಿ. ಗುರುತು ಹೊಂದಿದ ಮಾತ್ರಕ್ಕೆ ಸೀರೆ ಕಳಿಸಬೇಡಿ. ಮೊತ್ತ ಮತ್ತು ಕರೆನ್ಸಿ ನಿಮ್ಮ ದಾಖಲೆಯ ಜೊತೆ ಹೊಂದುತ್ತದೆಯೇ ನೋಡಿ.

ಒಂದೇ ಸುದ್ದಿ ಎರಡು ಸಲ ಬರಬಹುದು, ಹಿಂದುಮುಂದಾಗಿಯೂ ಬರಬಹುದು. ನಿಮ್ಮ ಸರ್ವರ್ ಸ್ವೀಕರಿಸದಿದ್ದರೆ ರೇಜರ್‌ಪೇ 24 ಗಂಟೆಯವರೆಗೆ, ಸ್ಟ್ರೈಪ್ ಮೂರು ದಿನದವರೆಗೆ ಮತ್ತೆ ಮತ್ತೆ ಕಳಿಸುತ್ತದೆ. ಪ್ರತಿ ಸುದ್ದಿಗೂ ಅದರದೇ ಐಡಿ ಇರುತ್ತದೆ. ಅದನ್ನು ಕಿರ್ದಿಯಲ್ಲಿ ಬರೆದಿಟ್ಟು, ಈಗಾಗಲೇ ಕಂಡಿದ್ದರೆ ಸುಮ್ಮನೆ ‘ಸರಿ’ ಎಂದು ಉತ್ತರಿಸಿ.

ಈಗ ಸೊಲ್ಲಾಪುರದ ಕತೆ ಬಿಡಿಸಿಕೊಳ್ಳುತ್ತದೆ. ‘ವಿಫಲ’ ಎಂದು ತೋರಿದ ಯುಪಿಐ ಪಾವತಿಗೆ ಬ್ಯಾಂಕಿನಿಂದ ಹಣ ಕಡಿತವಾದ ಸುದ್ದಿ ತಡವಾಗಿ ಬರುತ್ತದೆ. ಇದಕ್ಕೆ ‘ಲೇಟ್ ಆಥರೈಸೇಷನ್’ ಎನ್ನುತ್ತಾರೆ. ಎರಡೂ ಪೇಮೆಂಟುಗಳು ಒಂದೇ ಗುರುತು ಹೊತ್ತಿರುವುದರಿಂದ, ಈ ಆರ್ಡರಿಗೆ ಕಾರ್ಡಿನಿಂದ ಹಣ ಆಗಲೇ ಬಂದಿದೆ ಎಂಬುದು ನಿಮ್ಮ ಡೇಟಾಬೇಸಿಗೆ ಗೊತ್ತು. ತಡವಾಗಿ ಬಂದದ್ದನ್ನು ರಿಫಂಡಿನ ಸಾಲಿಗೆ ಹಾಕಬೇಕು. ಗುರುತು ಇಲ್ಲದಿದ್ದರೆ ಅದು ಮೂರನೇ ಗಿರಾಕಿಯ ಹಣದಂತೆ ಕಾಣುತ್ತಿತ್ತು.

ಗಿರಾಕಿಯ ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ದೃಢೀಕರಣವೇ ಬಾರದ ಯುಪಿಐ ಪಾವತಿಗಳ ಬಗ್ಗೆ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದೆ. ವಹಿವಾಟಿನ ದಿನದ ನಂತರ ಐದು ದಿನದೊಳಗೆ ಹಣ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಫೋನ್ ಮಾಡಿದ ಗಿರಾಕಿಗೆ ಈ ಮಾತು ಹೇಳಬೇಕಾದರೆ, ಅವರ ಪಾವತಿ ನಿಮ್ಮ ಕಡೆ ಯಾವ ಸ್ಥಿತಿಯಲ್ಲಿದೆ ಎಂಬುದು ನಿಮಗೆ ಮೊದಲು ಗೊತ್ತಿರಬೇಕು.

ಬ್ಯಾಂಕಿಗೆ ಬರುವುದು ಒಟ್ಟು ಗಂಟು

ಗೇಟ್‌ವೇ ಪ್ರತಿ ಪಾವತಿಯನ್ನೂ ಬೇರೆ ಬೇರೆಯಾಗಿ ನಿಮ್ಮ ಖಾತೆಗೆ ಹಾಕುವುದಿಲ್ಲ. ಹಲವನ್ನು ಕೂಡಿಸಿ, ಶುಲ್ಕ ಮತ್ತು ರಿಫಂಡ್ ಕಳೆದು, ಒಂದೇ ವರ್ಗಾವಣೆಯಾಗಿ, ಅದರದೇ ಯುಟಿಆರ್ ಅಡಿಯಲ್ಲಿ ಹಾಕುತ್ತದೆ. 2,450 ರೂಪಾಯಿಯ ಪಾವತಿಗೆ ಶೇ 2ರ ಶುಲ್ಕವೆಂದರೆ 49 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 8.82 ರೂಪಾಯಿ. ಕೈಗೆ ಬರುವುದು 2,392.18. ಇಂಥ ನೂರು ಸೇರಿದ ಮೊತ್ತವನ್ನು ಪಾಸ್‌ಬುಕ್ಕಿನಲ್ಲಿ ನೋಡಿ ಯಾವ ಆರ್ಡರಿನದೆಂದು ಹೇಳಲು ಯಾರಿಂದಲೂ ಆಗದು.

ಅದಕ್ಕಾಗಿ ಗೇಟ್‌ವೇಯ ಸೆಟಲ್‌ಮೆಂಟ್ ವರದಿಯನ್ನು ದಿನವೂ ಇಳಿಸಿಕೊಳ್ಳಿ. ಅದರ ಸಾಲಿನಲ್ಲಿ ಪೇಮೆಂಟ್ ಐಡಿ, ಶುಲ್ಕ, ತೆರಿಗೆ, ಯುಟಿಆರ್ ಇರುತ್ತವೆ. ರೇಜರ್‌ಪೇಯ ವರದಿಯಲ್ಲಿ ನೀವು ಕೊಟ್ಟ ರಿಸೀಟ್ ಕೂಡ ಬರುತ್ತದೆ. ಆ ಕಾಲಂ ಹಿಡಿದು ಜೋಡಿಸಿದರೆ ತಾಳೆ ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಕೈಯಿಂದ ನೋಡಬೇಕಾದ್ದು ಎರಡೇ ಪಟ್ಟಿ: ಅಲ್ಲಿದ್ದು ಇಲ್ಲಿ ಇಲ್ಲದ್ದು, ಇಲ್ಲಿದ್ದು ಅಲ್ಲಿ ಇಲ್ಲದ್ದು.

ಅಂಗಡಿ ಕಟ್ಟೆಯ ಕ್ಯೂಆರ್

ಕಟ್ಟೆಯ ಮೇಲೆ ಅಂಟಿಸಿದ ಕ್ಯೂಆರ್ ಚೀಟಿಯಲ್ಲಿ ನಿಮ್ಮ ಯುಪಿಐ ವಿಳಾಸವಿರುತ್ತದೆ, ಆರ್ಡರಿನ ಗುರುತು ಇರುವುದಿಲ್ಲ. ಸೌಂಡ್‌ಬಾಕ್ಸ್ ಮೊತ್ತ ಕೂಗಿ ಹೇಳುತ್ತದೆ, ಯಾವ ಬಿಲ್ಲಿಗೆಂದು ಹೇಳದು. ಪ್ರತಿ ಬಿಲ್ಲಿಗೂ ಹೊಸದಾಗಿ ಮೂಡುವ ಡೈನಾಮಿಕ್ ಕ್ಯೂಆರ್ ಬಳಸಿದರೆ ಮೊತ್ತದ ಜೊತೆ ವಹಿವಾಟಿನ ಉಲ್ಲೇಖ ಸಂಖ್ಯೆಯನ್ನೂ ಅದರೊಳಗೆ ಇಡಬಹುದು. ಕಟ್ಟೆಯ ವ್ಯಾಪಾರವನ್ನೂ ಅದೇ ಡೇಟಾಬೇಸಿಗೆ ತರುವ ಯೋಚನೆ ಇದ್ದರೆ ಇದೇ ದಾರಿ.

ಇವನ್ನು ಬರೆಯಬೇಡಿ

ನೋಟ್ಸ್, ಮೆಟಾಡೇಟಾ ಕಾಲಂಗಳಲ್ಲಿ ಜಾಗ ಇದೆಯೆಂದು ಗಿರಾಕಿಯ ವಿಳಾಸ, ಆಧಾರ್, ಪ್ಯಾನ್, ಮೊಬೈಲ್ ನಂಬರ್ ತುಂಬುವುದು ಬೇಡ. ಅವು ಡ್ಯಾಶ್‌ಬೋರ್ಡ್ ತೆರೆಯುವ ಪ್ರತಿ ನೌಕರರಿಗೂ, ಇಳಿಸಿಕೊಂಡ ಪ್ರತಿ ಎಕ್ಸೆಲ್ ಹಾಳೆಯಲ್ಲೂ ಕಾಣುತ್ತವೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಕಾಯ್ದೆಯೇ ಬಂದಿದೆ. ಗುರುತೊಂದನ್ನೇ ಕಳಿಸಿ, ವಿವರ ನಿಮ್ಮ ಡೇಟಾಬೇಸಿನಲ್ಲೇ ಇರಲಿ. ಕಾರ್ಡಿನ ನಂಬರನ್ನಂತೂ ಎಲ್ಲಿಯೂ ಉಳಿಸುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಅದನ್ನು ಇಟ್ಟುಕೊಳ್ಳುವಂತಿಲ್ಲ. ತಾಳೆ ನೋಡಲು ಕೊನೆಯ ನಾಲ್ಕು ಅಂಕಿ ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು, ಅಷ್ಟೇ.

ಶುರುಮಾಡುವ ಮುನ್ನ

- ಪರೀಕ್ಷೆಯ ಖಾತೆಗೂ ನಿಜವಾದ ಖಾತೆಗೂ ಗುರುತಿನ ಮುಂಭಾಗ ಬೇರೆ ಇರಲಿ. ಇಲ್ಲವಾದರೆ ಪರೀಕ್ಷೆಯ ಆರ್ಡರಿಗೂ ಪಾರ್ಸೆಲ್ ಹೊರಟೀತು.
- ಹಳೆಯ ಆರ್ಡರುಗಳಿಗೂ ಗುರುತು ಕೊಟ್ಟು ಟೇಬಲ್ ತುಂಬಿಸಿ. ಗೇಟ್‌ವೇಯಲ್ಲಿ ಅವಕ್ಕೆ ಗುರುತು ಇರುವುದಿಲ್ಲ, ಹಾಗಾಗಿ ಪೇಮೆಂಟ್ ಐಡಿಯ ಮೂಲಕ ಒಂದು ಸಲ ಜೋಡಿಸಿ ಮುಗಿಸಿ.
- ಗಿರಾಕಿಗೆ ಹೋಗುವ ಎಸ್‌ಎಂಎಸ್, ವಾಟ್ಸ್‌ಆ್ಯಪ್ ಮತ್ತು ಬಿಲ್ಲಿನ ಮೇಲೆ ನಿಮ್ಮ ಗುರುತನ್ನೇ ಅಚ್ಚುಹಾಕಿ. ಫೋನ್ ಮಾಡಿದಾಗ ಅವರು ಓದಿ ಹೇಳುವುದು ಅದನ್ನೇ ಆಗಬೇಕು.
- ನಿಜವಾದ ಖಾತೆಯಲ್ಲಿ ಹತ್ತು ರೂಪಾಯಿಯ ಒಂದು ಆರ್ಡರ್ ನೀವೇ ಹಾಕಿ, ಹಣ ಕಟ್ಟಿ, ಮಾರನೇ ದಿನ ಅರ್ಧ ರಿಫಂಡ್ ಮಾಡಿ. ಆಮೇಲೆ ಆ ಒಂದು ಗುರುತನ್ನು ಆರ್ಡರ್ ಟೇಬಲ್, ಗೇಟ್‌ವೇಯ ಪರದೆ, ವೆಬ್‌ಹುಕ್ ಸಂದೇಶ, ರಿಫಂಡ್ ದಾಖಲೆ, ಸೆಟಲ್‌ಮೆಂಟ್ ವರದಿ ಈ ಐದೂ ಕಡೆ ಹುಡುಕಿ. ಎಲ್ಲಿ ಸಿಗಲಿಲ್ಲವೋ ಅಲ್ಲಿಂದ ದುರಸ್ತಿ ಶುರುಮಾಡಿ.